ದೇವನಹಳ್ಳಿಯಲ್ಲಿ ಒಂದು ಸಲ ತಪಾಸಣೆ ಆಯ್ತಲ್ಲ, ದಾರಿಯಲ್ಲಿ ಮತ್ತೆ ಯಾಕೆ?

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ತಾಲ್ಲೂಕು, ನಂದಿ ಕಡೆ. ದ್ರಾಕ್ಷಿ ತೋಟ ಇದೆ. ಅಕ್ಕ ಅಮೆರಿಕದಲ್ಲಿದ್ದಾಳೆ. ಕಳೆದ ವರ್ಷ ಅಪ್ಪ, ಅಮ್ಮ ಮೊದಲ ಸಲ ಅವಳ ಮನೆಗೆ ಹೋದರು. ಅಪ್ಪನಿಗೆ 66, ಅಮ್ಮನಿಗೆ 60. ದೇವನಹಳ್ಳಿಯಿಂದ ಕೊಲ್ಲಿ ದೇಶದ ಒಂದು ಊರಿಗೆ ಹೋಗಿ, ಅಲ್ಲಿ ವಿಮಾನ ಬದಲಿಸಬೇಕಿತ್ತು. ಇಲ್ಲೇ ಎಲ್ಲಾ ತಪಾಸಣೆ ಮುಗಿದಿತ್ತು. ಆದರೂ ಅಲ್ಲಿ ಇಳಿದ ಕೂಡಲೇ ಇಬ್ಬರನ್ನೂ ಮತ್ತೆ ಸಾಲಲ್ಲಿ ನಿಲ್ಲಿಸಿದರು. ಅದೂ ಮುಗಿದು ಗೇಟಿನ ಹತ್ತಿರ ಹೋದರೆ, ಅಪ್ಪನನ್ನು ಮಾತ್ರ ಪಕ್ಕಕ್ಕೆ ಕರೆದರು. ಬೋರ್ಡಿಂಗ್ ಪಾಸ್ ಮೇಲೆ 'ಎಸ್' ಅಕ್ಷರ ನಾಲ್ಕು ಸಲ ಇತ್ತಂತೆ. ಅಂಗೈಗೆ ಏನೋ ಬಟ್ಟೆ ಸವರಿ ಯಂತ್ರಕ್ಕೆ ಹಾಕಿದರು. ಯಂತ್ರ ಕೂಗಿಕೊಂಡಿತು. ಆಮೇಲೆ ಚಪ್ಪಲಿ ಬಿಚ್ಚಿಸಿ, ಬ್ಯಾಗು ಪೂರ್ತಿ ಸುರಿಸಿ, ಮೈಯೆಲ್ಲಾ ಸವರಿ ನೋಡಿದರು. ಅಮ್ಮ ದೂರದಲ್ಲಿ ನಿಂತು ಅತ್ತಳಂತೆ. ಬೆಳಗ್ಗೆ ತೋಟಕ್ಕೆ ಹೋಗಿ ಡ್ರಿಪ್‌ಗೆ ಗೊಬ್ಬರ ಬಿಟ್ಟು ಬಂದ ರೈತ, ಅವರ ಹತ್ತಿರ ಏನಿರುತ್ತೆ ಹೇಳಿ? ಆರು ತಿಂಗಳು ಬಿಟ್ಟು ವಾಪಸ್ ಬರುವಾಗ ಇದೇನೂ ಇರಲಿಲ್ಲ. ಈಗ ಮತ್ತೆ ಹೋಗಬೇಕು. ಅಪ್ಪ 'ನಾನು ಕಳ್ಳನ ಹಾಗೆ ನಿಲ್ಲೋಕೆ ಬರಲ್ಲ' ಅನ್ನುತ್ತಿದ್ದಾರೆ. ನಮ್ಮವರನ್ನೇ ಯಾಕೆ ಹಿಡಿದರು? ಈ ಸಲ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ಮೊದಲು ನನ್ನ ಕಣ್ಣಿಗೆ ಬಂದಿದ್ದು ದೂರದಲ್ಲಿ ನಿಂತ ನಿಮ್ಮ ತಾಯಿಯವರು. ನಾನು ಒಂದು ವಿಮಾನ ಕಂಪನಿಯ ಭದ್ರತಾ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದ ಕಾಲದಲ್ಲಿ ಸೇರಿದೆ. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದ ಮೇಲೆ ಚಿಕ್ಕಬಳ್ಳಾಪುರದಲ್ಲೇ ಮನೆ ಮಾಡಿಕೊಂಡು ಓಡಾಡಿದೆ. ಆ ಬಟ್ಟೆ ಸವರುವ ಕೆಲಸವನ್ನು ನಾನೇ ಸಾವಿರಾರು ಸಲ ಮಾಡಿದ್ದೇನೆ. ಹಾಗಾಗಿ ನಿಮ್ಮ ತಂದೆಯವರಿಗೆ ಅಲ್ಲಿ ಏನಾಯಿತು ಅನ್ನೋದನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಈ ಉತ್ತರವನ್ನು ಅವರಿಗೇ ಓದಿ ಹೇಳಿ.

ಮೊದಲನೆಯದಾಗಿ, ಅಲ್ಲಿ ಆಗಿದ್ದು ಒಂದು ತಪಾಸಣೆ ಅಲ್ಲ, ಮೂರು. ಇಬ್ಬರನ್ನೂ ಸಾಲಲ್ಲಿ ನಿಲ್ಲಿಸಿದ್ದು ಒಂದು. ನಾಲ್ಕು ಎಸ್ ಬಿದ್ದದ್ದು ಇನ್ನೊಂದು. ಯಂತ್ರ ಕೂಗಿದ್ದು ಮೂರನೆಯದು. ಮೂರಕ್ಕೂ ಕಾರಣ ಬೇರೆ ಬೇರೆ. ಎಲ್ಲಾ ಒಂದರ ಹಿಂದೆ ಒಂದು ಬಂದಿದ್ದರಿಂದ 'ನನ್ನ ಮೇಲೆ ಅನುಮಾನ' ಅಂತ ಅವರಿಗೆ ಅನ್ನಿಸಿದೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನಿಸುತ್ತಿತ್ತು.

ಇಳಿದ ಕೂಡಲೇ ಆದ ತಪಾಸಣೆಯಿಂದ ಶುರು ಮಾಡೋಣ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಡೇರಿಗೆ ಹಾಲು ಹಾಕುವವರಿಗೆ ಇದು ಬೇಗ ಅರ್ಥ ಆಗುತ್ತೆ. ಬೆಳಗ್ಗೆ ಊರಿನ ಡೇರಿಯಲ್ಲಿ ನಿಮ್ಮ ಹಾಲನ್ನು ನೋಡಿಯೇ ತೆಗೆದುಕೊಳ್ಳುತ್ತಾರೆ. ಫ್ಯಾಟ್ ಎಷ್ಟು, ನೀರು ಬೆರೆತಿದೆಯಾ ಎಲ್ಲಾ ಅಲ್ಲೇ ಗೊತ್ತಾಗುತ್ತೆ. ಆದರೂ ಆ ಹಾಲು ಶೀತಲೀಕರಣ ಕೇಂದ್ರಕ್ಕೆ ಹೋದಾಗ ಮತ್ತೆ ನೋಡುತ್ತಾರೆ. ಅಲ್ಲಿಂದ ದೊಡ್ಡ ಡೇರಿಗೆ ಹೋದಾಗ ಇನ್ನೊಮ್ಮೆ. ಯಾಕೆ? ಹತ್ತಾರು ಊರಿನ ಹಾಲು ಅಲ್ಲಿ ಒಂದೇ ಟ್ಯಾಂಕಿಗೆ ಬೀಳುತ್ತೆ. ಒಂದು ಊರಲ್ಲಿ ಸರಿಯಾಗಿ ನೋಡಿರುತ್ತಾರೆ, ಇನ್ನೊಂದು ಊರಲ್ಲಿ ಇಲ್ಲ. ಟ್ಯಾಂಕಿಗೆ ಸುರಿದ ಮೇಲೆ ಯಾವುದು ಯಾರದ್ದು ಅಂತ ಹೇಳಲಾಗದು. ದುಬೈ, ದೋಹಾ, ಅಬುಧಾಬಿಯಂಥ ನಿಲ್ದಾಣಗಳು ಆ ಟ್ಯಾಂಕಿನ ಹಾಗೆ. ಒಂದೇ ಗಂಟೆಯಲ್ಲಿ ಎಷ್ಟೋ ದೇಶಗಳ ವಿಮಾನ ಬಂದಿಳಿಯುತ್ತವೆ. ಒಂದು ಕಡೆ ಹೊಸ ಯಂತ್ರ, ಇನ್ನೊಂದು ಕಡೆ ಹಳೆಯದು. ಎಲ್ಲರೂ ಒಂದೇ ಹಜಾರದಲ್ಲಿ ಬೆರೆತ ಮೇಲೆ ಬೇರ್ಪಡಿಸುವುದು ಆಗದ ಮಾತು. ಅದಕ್ಕೇ ಬೆರೆಯುವ ಮೊದಲೇ ಎಲ್ಲರನ್ನೂ ಮತ್ತೊಮ್ಮೆ ನೋಡುತ್ತಾರೆ.

ಇದು ಆ ಊರಿನವರು ತಮ್ಮಿಷ್ಟಕ್ಕೆ ಮಾಡಿಕೊಂಡ ನಿಯಮ ಅಲ್ಲ. ವಿಶ್ವಸಂಸ್ಥೆಯ ಅಡಿಯಲ್ಲಿ ಇಕಾವೋ ಅಂತ ಒಂದು ಸಂಸ್ಥೆ ಇದೆ. ವಿಮಾನಯಾನದ ನಿಯಮಗಳನ್ನು ಅದು ಮಾಡುತ್ತೆ. ಅದರ 17ನೇ ಅನುಬಂಧ ಪೂರ್ತಿ ಭದ್ರತೆಯ ಬಗ್ಗೆಯೇ ಇದೆ. ವಿಮಾನ ಬದಲಿಸುವ ಪ್ರಯಾಣಿಕರನ್ನೂ ಅವರ ಕೈಚೀಲವನ್ನೂ ಮತ್ತೆ ತಪಾಸಣೆ ಮಾಡಬೇಕು ಅನ್ನುವುದು ಅದರ ಮೂಲ ನಿಯಮ. ಅವರು ಹೊರಟ ಊರಿನ ತಪಾಸಣೆ ನಮ್ಮಷ್ಟೇ ಗಟ್ಟಿಯಾಗಿದೆ ಅಂತ ಒಂದು ದೇಶ ಪರಿಶೀಲಿಸಿ ಒಪ್ಪಿದ್ದರೆ ಮಾತ್ರ ಬಿಡಬಹುದು. ಯುರೋಪ್ ಒಕ್ಕೂಟದ ದೇಶಗಳು ತಮ್ಮತಮ್ಮಲ್ಲಿ ಹಾಗೆ ಒಪ್ಪಿಕೊಂಡಿವೆ. ಲಿಸ್ಬನ್‌ನಿಂದ ಫ್ರಾಂಕ್‌ಫರ್ಟ್‌ಗೆ ಬಂದು ಹೆಲ್ಸಿಂಕಿಗೆ ಹೋಗುವವರನ್ನು ನಡುವೆ ಮತ್ತೆ ನೋಡುವುದಿಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಬಂದಿಳಿದವರನ್ನು ನೋಡುತ್ತಾರೆ.

ವಿಮಾನ ಬದಲಿಸುವ ಜಾಗದ ಈ ಬಿಗಿಯ ಹಿಂದೆ ನಮಗೇ ಸಂಬಂಧಪಟ್ಟ ಒಂದು ದೊಡ್ಡ ದುಃಖ ಇದೆ. 1985ರ ಜೂನ್ 22. ಕೆನಡಾದ ವ್ಯಾಂಕೂವರ್. ಎಂ. ಸಿಂಗ್ ಅನ್ನುವ ಹೆಸರಿನ ಟಿಕೆಟ್ ಹಿಡಿದ ಒಬ್ಬ ಕೌಂಟರಿಗೆ ಬಂದ. ಟೊರೊಂಟೊದಲ್ಲಿ ಅವನು ವಿಮಾನ ಬದಲಿಸಬೇಕಿತ್ತು. ಮುಂದಿನ ಏರ್ ಇಂಡಿಯಾ ವಿಮಾನದಲ್ಲಿ ಅವನ ಸೀಟು ಖಚಿತ ಆಗಿರಲಿಲ್ಲ. ಆದರೂ ಬ್ಯಾಗನ್ನು ನೇರವಾಗಿ ದೆಹಲಿಗೇ ಹಾಕಿ ಅಂತ ಹಠ ಹಿಡಿದ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಆಗಲ್ಲ ಅಂದಳು. ಅವನು ಬಿಡಲಿಲ್ಲ. ಹಿಂದೆ ಉದ್ದ ಸಾಲು ಕಾಯುತ್ತಿತ್ತು. ಕೊನೆಗೆ ಅವಳು ಸೋತು ಬ್ಯಾಗಿಗೆ ಚೀಟಿ ಅಂಟಿಸಿದಳು. ಬ್ಯಾಗು ಹೋಯಿತು, ಅವನು ವಿಮಾನ ಹತ್ತಲೇ ಇಲ್ಲ. ಟೊರೊಂಟೊದಲ್ಲಿ ಎಕ್ಸ್‌ರೇ ಯಂತ್ರ ನಡುವೆಯೇ ಕೆಟ್ಟಿತು. ಉಳಿದ ಬ್ಯಾಗುಗಳನ್ನು ಕೈಯಲ್ಲಿ ಹಿಡಿಯುವ ಒಂದು ಸಣ್ಣ ಸಾಧನದಲ್ಲಿ ನೋಡಿದರು. ಮಾರನೆಯ ದಿನ, ಜೂನ್ 23ರಂದು, ಕನಿಷ್ಕ ಅನ್ನುವ ಆ ಏರ್ ಇಂಡಿಯಾ ವಿಮಾನ ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ಸಿಡಿಯಿತು. 329 ಜನ ಸತ್ತರು. ಅದೇ ದಿನ ಟೋಕಿಯೋದ ನರಿಟಾ ನಿಲ್ದಾಣದಲ್ಲಿ ಇನ್ನೊಂದು ಬ್ಯಾಗು ಸಿಡಿದು ಸಾಮಾನು ಹೊರುವ ಇಬ್ಬರು ಸತ್ತರು. ಅದೂ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗಬೇಕಿದ್ದ ಬ್ಯಾಗೇ. ಮೂರು ವರ್ಷ ಬಿಟ್ಟು, 1988ರ ಡಿಸೆಂಬರ್ 21ರಂದು, ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ಪ್ಯಾನ್ ಆ್ಯಮ್ ವಿಮಾನ ಸಿಡಿದು 270 ಜನ ಹೋದರು. ಆ ಬ್ಯಾಗೂ ಮಾಲ್ಟಾದಿಂದ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ಬದಲಾಗಿ, ಲಂಡನ್‌ನಲ್ಲಿ ಇನ್ನೊಮ್ಮೆ ಬದಲಾಗಿ ಬಂದದ್ದು ಅಂತ ಕೋರ್ಟ್ ತೀರ್ಮಾನಿಸಿತು.

ತರಬೇತಿಯಲ್ಲಿ ನಮಗೆ ಮೊದಲ ದಿನವೇ ಹೇಳುತ್ತಿದ್ದದ್ದು ಕನಿಷ್ಕದ ಕಥೆ. ಕೌಂಟರಿನಲ್ಲಿದ್ದ ಆ ಹೆಣ್ಣುಮಗಳ ಬಗ್ಗೆ ನಾನು ಇವತ್ತಿಗೂ ಯೋಚನೆ ಮಾಡುತ್ತೇನೆ. ವಿಮಾನ ಬದಲಿಸುವ ಜಾಗ ಅಂದರೆ ಯಾಕೆ ಅಷ್ಟು ಬಿಗಿ ಅಂತ ನಿಮ್ಮ ತಂದೆಯವರು ಕೇಳಿದರೆ ಇದನ್ನು ಹೇಳಿ.

ಈಗ ನಾಲ್ಕು ಎಸ್ ವಿಷಯ. ಇದು ಅಮೆರಿಕದ ಟಿಎಸ್‌ಎ ಅನ್ನುವ ಸರ್ಕಾರಿ ಭದ್ರತಾ ಸಂಸ್ಥೆಯ ಗುರುತು. ಎರಡನೆಯ ಸುತ್ತಿನ ತಪಾಸಣೆಗೆ ಆರಿಸಲಾಗಿದೆ ಅಂತ ಅದರ ಅರ್ಥ. ಅಮೆರಿಕಕ್ಕೆ ಹೋಗುವ ವಿಮಾನಕ್ಕೆ ಟಿಕೆಟ್ ಮಾಡಿಸಿದರೆ ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ ಅನ್ನುವುದನ್ನು ವಿಮಾನ ಕಂಪನಿ ಆ ಸಂಸ್ಥೆಗೆ ಕಳಿಸಬೇಕು. ಹೊರಡುವುದಕ್ಕೆ 72 ಗಂಟೆ ಮೊದಲೇ ಇದು ಶುರುವಾಗುತ್ತೆ. ಕಂಪ್ಯೂಟರ್ ಅದನ್ನು ಅನುಮಾನ ಇರುವವರ ಪಟ್ಟಿಗಳ ಜೊತೆ ಹೋಲಿಸಿ ನೋಡುತ್ತೆ. ಕೆಲವರನ್ನು ಯಾವ ಕಾರಣವೂ ಇಲ್ಲದೆ, ಚೀಟಿ ಎತ್ತಿದ ಹಾಗೆ ಆರಿಸುತ್ತೆ. ಅಂದರೆ ನಿಮ್ಮ ತಂದೆಯವರು ಮನೆಯಲ್ಲಿ ಸೂಟ್‌ಕೇಸ್ ಕಟ್ಟುತ್ತಿದ್ದಾಗಲೇ ಇದು ತೀರ್ಮಾನ ಆಗಿರಬಹುದು. ಅವರ ಮುಖ, ಬಟ್ಟೆ, ನಡೆ ಯಾವುದನ್ನೂ ಗೇಟಿನಲ್ಲಿದ್ದವರು ನೋಡಿ ಆರಿಸಿದ್ದಲ್ಲ. ಅಕ್ಷರ ಮುದ್ರಣ ಆಗಿ ಬಂದಿದೆ, ಅವರು ಬಿಡುವ ಹಾಗಿಲ್ಲ. ತಪಾಸಣೆ ಮಾಡಿ ಬೋರ್ಡಿಂಗ್ ಪಾಸ್ ಮೇಲೆ ಮುದ್ರೆ ಒತ್ತಿದರೆ ಮಾತ್ರ ವಿಮಾನ ಹತ್ತಬಹುದು.

ಚೀಟಿ ಎತ್ತುವುದು ಯಾಕೆ, ಅನುಮಾನ ಇದ್ದವರನ್ನು ನೋಡಿದರೆ ಸಾಲದೇ ಅಂತ ಕೇಳುತ್ತೀರಿ. ಕೆಡುಕು ಮಾಡುವವನು ನಿಯಮವನ್ನು ಓದಿಕೊಂಡೇ ಬರುತ್ತಾನೆ. ವಯಸ್ಸಾದವರನ್ನು ಬಿಡುತ್ತಾರೆ ಅಂತ ಗೊತ್ತಾದರೆ ವಯಸ್ಸಾದವರ ಬ್ಯಾಗಿನಲ್ಲಿ ಇಡುತ್ತಾನೆ. ಸೀರೆ ಉಟ್ಟವರನ್ನು ಬಿಡುತ್ತಾರೆ ಅಂದರೆ ಹಾಗೇ ಒಬ್ಬರನ್ನು ಕಳಿಸುತ್ತಾನೆ. ಯಾರನ್ನು ನೋಡುತ್ತಾರೆ ಅಂತ ಮೊದಲೇ ಹೇಳಲು ಆಗದ ಹಾಗೆ ಇದ್ದರೆ ಅವನ ಲೆಕ್ಕ ತಪ್ಪುತ್ತೆ. ಹಲವು ದೇಶಗಳಲ್ಲಿ ಲೋಹ ಪತ್ತೆಯ ಬಾಗಿಲಿಗೂ ಇದೇ ವ್ಯವಸ್ಥೆ ಇದೆ. ನಿಮ್ಮ ಹತ್ತಿರ ಒಂದು ಗುಂಡುಸೂಜಿ ಇಲ್ಲದಿದ್ದರೂ ಅದು ಆಗಾಗ ತಾನಾಗಿ ಕೂಗುತ್ತೆ. ಹಾಗೆ ಕೂಗಬೇಕು ಅಂತಲೇ ಅದನ್ನು ಹೊಂದಿಸಿರುತ್ತಾರೆ. ನಮ್ಮ ದೇಶದವರಿಗೆ ಇದು ಹೊಸದು. ಇಲ್ಲಿ ಸಿಐಎಸ್‌ಎಫ್‌ನವರು, ಅಂದರೆ ನಿಲ್ದಾಣ ಕಾಯುವ ಕೇಂದ್ರ ಪಡೆಯವರು, ಬಾಗಿಲು ದಾಟಿದ ಪ್ರತಿಯೊಬ್ಬರಿಗೂ ಕೈಯಂತ್ರ ಹಿಡಿದು ಮೈ ಸವರಿ ನೋಡುತ್ತಾರೆ. ಎಲ್ಲರಿಗೂ ಆಗುವುದರಿಂದ ಯಾರಿಗೂ ಬೇಜಾರಿಲ್ಲ. ಹೊರಗೆ ನೂರು ಜನ ಸುಮ್ನೆ ದಾಟಿ ಹೋಗುವಾಗ ಒಬ್ಬರನ್ನು ನಿಲ್ಲಿಸಿದರೆ ಅವಮಾನ ಅನ್ನಿಸುತ್ತೆ. ಅಂದಹಾಗೆ, ಆಗಸ್ಟ್ 15, ಜನವರಿ 26ರ ಹೊತ್ತಿಗೆ ಇಲ್ಲೂ ವಿಮಾನ ಹತ್ತುವ ಮುನ್ನ ಇನ್ನೊಂದು ಸುತ್ತು ನೋಡುತ್ತಾರೆ. ಲ್ಯಾಡರ್ ಪಾಯಿಂಟ್ ಚೆಕ್ ಅನ್ನುತ್ತಾರೆ. ಆ ದಿನಗಳಲ್ಲಿ ನಮ್ಮ ಕೆಲಸವೇ ಅದು.

ಇಲ್ಲಿ ನಾನು ಒಂದು ಮಾತು ಮುಚ್ಚಿಡಬಾರದು. ಆಯ್ಕೆಯನ್ನು ಕಂಪ್ಯೂಟರ್ ಮಾಡಿದಾಗ ಒಂದು ರೀತಿ, ಮನುಷ್ಯ ಮಾಡಿದಾಗ ಇನ್ನೊಂದು ರೀತಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗೇಟಿನಲ್ಲಿ ಇಷ್ಟು ಜನರಲ್ಲಿ ಒಬ್ಬರನ್ನು ನೋಡಿ ಅಂತ ಹೇಳಿ ಆಯ್ಕೆಯನ್ನು ನಮಗೇ ಬಿಡುತ್ತಿದ್ದರು. ಎಣಿಸಿಕೊಂಡು ಹೋಗಬೇಕಿತ್ತು. ಆದರೆ ಎಣಿಕೆಗೆ ಸಿಕ್ಕವನು ಕೋಟು ಹಾಕಿ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರೆ, ಅವನನ್ನು ಬಿಟ್ಟು ಹಿಂದೆ ಇದ್ದ ಪಂಚೆಯ ಅಜ್ಜನನ್ನು ಕರೆಯುತ್ತಿದ್ದವರನ್ನು ನಾನು ನೋಡಿದ್ದೇನೆ. ಅಜ್ಜ ಜಗಳ ಆಡುವುದಿಲ್ಲ, ದೂರು ಬರೆಯುವುದಿಲ್ಲ, ಬೇಗ ಮುಗಿಯುತ್ತೆ. ಒಂದೆರಡು ಸಲ ನಾನೂ ಹಾಗೆ ಮಾಡಿದ್ದೇನೆ. ಅದು ತಪ್ಪು. ಭದ್ರತೆಗೂ ತಪ್ಪು, ಆ ಅಜ್ಜನಿಗೂ ತಪ್ಪು. ಅದಕ್ಕೇ ಆಯ್ಕೆಯನ್ನು ಯಂತ್ರಕ್ಕೆ ಬಿಟ್ಟದ್ದು ಒಳ್ಳೆಯದಾಯಿತು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಯಂತ್ರಕ್ಕೆ ಪಂಚೆ, ಕೋಟು ಎರಡೂ ಒಂದೇ.

ಮೂರನೆಯದು, ಯಂತ್ರ ಕೂಗಿದ್ದು. ನಿಮ್ಮ ಪ್ರಶ್ನೆಯಲ್ಲೇ ಇದಕ್ಕೆ ಉತ್ತರ ಇದೆ ಅಂತ ನನಗೆ ಅನ್ನಿಸುತ್ತೆ. ಅಪ್ಪ ಹೊರಡುವ ದಿನ ಬೆಳಗ್ಗೆ ಡ್ರಿಪ್‌ಗೆ ಗೊಬ್ಬರ ಬಿಟ್ಟು ಬಂದಿದ್ದರು ಅಂತ ಬರೆದಿದ್ದೀರಿ. ಯಾವ ಗೊಬ್ಬರ ಅಂತ ಕೇಳಿ ನೋಡಿ. ನಮ್ಮ ಕಡೆ ದ್ರಾಕ್ಷಿಗೆ ಬಿಡುವುದರಲ್ಲಿ 13-0-45 ಇರುತ್ತಲ್ಲ, ಅದು ಪೊಟ್ಯಾಷಿಯಂ ನೈಟ್ರೇಟ್. ಕ್ಯಾಲ್ಸಿಯಂ ನೈಟ್ರೇಟ್ ಕೂಡ ಬಿಡುತ್ತಾರೆ. ನೈಟ್ರೇಟ್ ಅನ್ನುವುದು ಬೆಳೆಗೂ ಬೇಕು, ಸಿಡಿಮದ್ದಿಗೂ ಬೇಕು. ಆ ಯಂತ್ರ ಹುಡುಕುವ ವಸ್ತುಗಳಲ್ಲಿ ಅದೂ ಒಂದು.

ಯಂತ್ರ ಕೆಲಸ ಮಾಡುವ ರೀತಿ ಹೀಗೆ. ಬೆರಳುದ್ದದ ಒಂದು ತೆಳು ಪಟ್ಟಿಯನ್ನು ನಿಮ್ಮ ಅಂಗೈ, ಬೆರಳ ಸಂದು, ಬ್ಯಾಗಿನ ಜಿಪ್, ಹಿಡಿಕೆ, ಚಪ್ಪಲಿ ಮೇಲೆಲ್ಲಾ ಉಜ್ಜುತ್ತಾರೆ. ಪಟ್ಟಿಯನ್ನು ಯಂತ್ರದ ಬಾಯಿಗೆ ಇಟ್ಟರೆ ಒಳಗೆ ಅದು ಬಿಸಿಯಾಗುತ್ತೆ. ಪಟ್ಟಿಗೆ ಅಂಟಿದ್ದೆಲ್ಲಾ ಆವಿ ಆಗುತ್ತೆ. ಆ ಆವಿಯ ಕಣಗಳಿಗೆ ವಿದ್ಯುತ್ ಅಂಟಿಸಿ ಒಂದು ಸಣ್ಣ ಕೊಳವೆಯಲ್ಲಿ ಓಡಿಸುತ್ತಾರೆ. ಒಂದೊಂದು ವಸ್ತುವಿನ ಕಣ ಒಂದೊಂದು ವೇಗದಲ್ಲಿ ಓಡುತ್ತೆ. ಯಂತ್ರ ಆ ಸಮಯವನ್ನು ಅಳೆದು ತನ್ನಲ್ಲಿ ಮೊದಲೇ ತುಂಬಿಟ್ಟ ಲೆಕ್ಕಕ್ಕೆ ಹೋಲಿಸುತ್ತೆ. ಕೆಲವೇ ಸೆಕೆಂಡಿನ ಕೆಲಸ. ಕಣ್ಣಿಗೆ ಕಾಣದಷ್ಟು ಧೂಳು ಇದ್ದರೂ ಅದಕ್ಕೆ ಸಾಕು. ಆದರೆ ಅದು ವಸ್ತುವನ್ನು ಮಾತ್ರ ಗುರುತಿಸುತ್ತೆ. ಆ ವಸ್ತು ತೋಟದಿಂದ ಬಂತೋ ಬೇರೆಲ್ಲಿಂದ ಬಂತೋ ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿದುಕೊಳ್ಳಲಿಕ್ಕೇ ಬ್ಯಾಗು ಬಿಚ್ಚಿಸಿದ್ದು, ಚಪ್ಪಲಿ ನೋಡಿದ್ದು. ಒಂದು ಸಲ ಕೂಗಿತು ಅಂದಮೇಲೆ ಸಿಬ್ಬಂದಿ ಅಷ್ಟೂ ಮಾಡಿಯೇ ಬಿಡಬೇಕು.

ಗೊಬ್ಬರ ಒಂದೇ ಅಲ್ಲ. ಕೈಗೆ ಹಚ್ಚುವ ಕೆಲವು ಕ್ರೀಮುಗಳಲ್ಲಿ ಗ್ಲಿಸರಿನ್ ಇರುತ್ತೆ, ಅದಕ್ಕೂ ಕೂಗುವುದುಂಟು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೋಗ್ಲಿಸರಿನ್ ಮಾತ್ರೆಗೂ ಉಂಟು. ಪಟಾಕಿ ಮುಟ್ಟಿದ ಕೈಗೆ, ಕಲ್ಲು ಕ್ವಾರಿಯಲ್ಲಿ ಮದ್ದು ತುಂಬುವವರ ಬಟ್ಟೆಗೆ ಅಂತೂ ಕೇಳುವುದೇ ಬೇಡ. ನಮ್ಮ ಜಿಲ್ಲೆಯಲ್ಲಿ ಕ್ವಾರಿ ಕೆಲಸದವರು ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು.

ವಾಪಸ್ ಬರುವಾಗ ಯಾಕೆ ಏನೂ ಆಗಲಿಲ್ಲ ಅಂತ ಕೇಳಿದ್ದೀರಿ. ಅಮೆರಿಕದಿಂದ ಹೊರಡುವಾಗ ಚೀಟಿ ಅವರ ಹೆಸರಿಗೆ ಬಿದ್ದಿರಲಿಲ್ಲ, ಅಷ್ಟೇ. ಬಿದ್ದಿದ್ದರೂ ಯಂತ್ರ ಕೂಗುತ್ತಿರಲಿಲ್ಲವೇನೋ. ಆರು ತಿಂಗಳು ಅವರು ಗೊಬ್ಬರದ ಚೀಲ ಮುಟ್ಟಿರಲಿಲ್ಲ ಅಲ್ವಾ.

ನನಗೂ ಒಮ್ಮೆ ಇದು ಆಗಿದೆ. ರಜೆಯಲ್ಲಿ ತಂಗಿಯ ಮನೆಗೆ ಹೊರಟಿದ್ದೆ. ವಿಮಾನ ಬದಲಿಸುವ ಒಂದು ಊರಿನಲ್ಲಿ ಗೇಟಿನ ಹತ್ತಿರ ಪಕ್ಕಕ್ಕೆ ಕರೆದರು. ಇದೇ ಕೆಲಸ ಮಾಡುವವಳು ನಾನು. ಮುಂದೆ ಏನೇನು ಮಾಡುತ್ತಾರೆ ಅಂತ ಒಂದೊಂದು ಹೆಜ್ಜೆಯೂ ಗೊತ್ತು. ಆದರೂ ಅಂಗೈ ಚಾಚಿದಾಗ ನನ್ನ ಬೆರಳು ನಡುಗುತ್ತಿದ್ದವು. ಆ ಹುಡುಗಿ ನನ್ನ ಮುಖ ನೋಡಲೇ ಇಲ್ಲ. ಏನು ಮಾಡುತ್ತಿದ್ದೇನೆ ಅಂತ ಒಂದು ಮಾತೂ ಹೇಳಲಿಲ್ಲ. ನನ್ನ ಹಿಂದಿನಿಂದ ಜನ ಹೋಗುತ್ತಾ ತಿರುಗಿ ತಿರುಗಿ ನೋಡುತ್ತಿದ್ದರು. ಅಷ್ಟರವರೆಗೆ ನಾನು ಎಷ್ಟು ಜನಕ್ಕೆ ಹೀಗೆ ಮಾಡಿದ್ದೆನೋ! ಅಲ್ಲಿಂದ ಬಂದ ಮೇಲೆ ಮೊದಲು 'ನಮಸ್ಕಾರ, ಇದು ಎಲ್ಲರಿಗೂ ಬರುವ ತಪಾಸಣೆ, ಕೈ ತೋರಿಸಿ' ಅಂತ ಹೇಳದೆ ಪಟ್ಟಿ ಮುಟ್ಟುತ್ತಿರಲಿಲ್ಲ. ಹಾಗೆ ಹೇಳಲು ಎರಡು ಉಸಿರಿನಷ್ಟು ಹೊತ್ತು ಸಾಕು. ಅಷ್ಟಕ್ಕೇ ಎದುರಿಗಿದ್ದವರ ಭುಜ ಇಳಿಯುವುದು ಕಾಣುತ್ತಿತ್ತು.

ಈಗ ಈ ಸಲ ಏನು ಮಾಡಬೇಕು ಅನ್ನುವುದು.

ಹೆಸರಿನಿಂದ ಶುರು ಮಾಡಿ. ನಮ್ಮ ಕಡೆ ಎಷ್ಟೋ ಜನರಿಗೆ ಮುನಿಯಪ್ಪ, ನಾರಾಯಣಮ್ಮ ಅಂತ ಒಂದೇ ಹೆಸರು. ಮುಂದೆ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಹೀಗಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಒಂದು ಹೆಸರನ್ನೇ ಅಡ್ಡಹೆಸರಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಟಿಕೆಟ್ ಮಾಡುವವರು ತಮಗೆ ತೋಚಿದ ಹಾಗೆ ಇನಿಷಿಯಲ್ ಸೇರಿಸಿ, ಹೆಸರು ಎರಡು ಸಲ ಬರೆದು ಗೊಂದಲ ಮಾಡುತ್ತಾರೆ. ಟಿಕೆಟ್, ಪಾಸ್‌ಪೋರ್ಟ್, ವೀಸಾ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡಿ. ಹುಟ್ಟಿದ ದಿನವನ್ನೂ ನೋಡಿ. ಪಟ್ಟಿಯಲ್ಲಿ ಇರುವ ಇನ್ಯಾರದೋ ಹೆಸರಿನ ಜೊತೆ ನಿಮ್ಮವರ ಹೆಸರು ಗೊಂದಲ ಆಗದಿರಲು ಪೂರ್ತಿ ವಿವರ ಸರಿಯಾಗಿರುವುದು ಮುಖ್ಯ.

ಒಂದು ಸಲ ನಾಲ್ಕು ಎಸ್ ಬಂದರೆ ಚಿಂತೆ ಬೇಡ. ಹೋದಾಗಲೆಲ್ಲಾ ಬರುತ್ತಿದೆ ಅಂದರೆ ಹೆಸರಿನ ಗೊಂದಲ ಇರಬಹುದು. ಅದಕ್ಕೆ ಅಮೆರಿಕದ ಗೃಹ ಭದ್ರತಾ ಇಲಾಖೆಯಲ್ಲಿ ಟ್ರಿಪ್ ಅನ್ನುವ ವ್ಯವಸ್ಥೆ ಇದೆ. ಬೇರೆ ದೇಶದವರೂ ಅರ್ಜಿ ಹಾಕಬಹುದು. ದುಡ್ಡು ಕೇಳುವುದಿಲ್ಲ. ಅವರು ಒಂದು ರಿಡ್ರೆಸ್ ನಂಬರ್ ಕೊಡುತ್ತಾರೆ, ಅದನ್ನು ಮುಂದಿನ ಟಿಕೆಟಿನಲ್ಲಿ ತುಂಬಬೇಕು. ಚೀಟಿ ಎತ್ತಿ ಬರುವ ಆಯ್ಕೆಯನ್ನು ಅದು ತಪ್ಪಿಸುವುದಿಲ್ಲ. ನಿಮ್ಮ ತಂದೆಯವರಿಗೆ ಸದ್ಯಕ್ಕೆ ಇದರ ಅಗತ್ಯ ನನಗೆ ಕಾಣುತ್ತಿಲ್ಲ.

ಮೊದಲೇ ತಿಳಿಯಲು ಒಂದು ಸುಳಿವು ಇದೆ. ನಾಲ್ಕು ಎಸ್ ಬಿದ್ದವರಿಗೆ ಸಾಮಾನ್ಯವಾಗಿ ಮೊಬೈಲಿನಲ್ಲಿ ಬೋರ್ಡಿಂಗ್ ಪಾಸ್ ಬರುವುದಿಲ್ಲ, ಕೌಂಟರಿಗೆ ಬನ್ನಿ ಅನ್ನುತ್ತೆ. ಬೇರೆ ಕಾರಣಕ್ಕೂ ಹಾಗಾಗಬಹುದು. ಕೌಂಟರಿನಲ್ಲಿ ಪಾಸ್ ಕೈಗೆ ಬಂದ ಕೂಡಲೇ ಮೂಲೆಗಳಲ್ಲಿ ನೋಡಿ. ಇದ್ದರೆ ಅಪ್ಪನಿಗೆ ಅಲ್ಲೇ ಹೇಳಿ: ಅಲ್ಲಿ ಗೇಟಿನ ಹತ್ತಿರ ಕರೆಯುತ್ತಾರೆ, ಅರ್ಧ ಗಂಟೆ ಹಿಡಿಯಬಹುದು, ಗೇಟಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂತಿರಿ. ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ ಆಗುತ್ತೆ.

ಟಿಕೆಟ್ ವಿಷಯದಲ್ಲಿ ಎರಡು ಮಾತು. ಎರಡೂ ವಿಮಾನ ಒಂದೇ ಟಿಕೆಟಿನಲ್ಲಿ ಇರಲಿ. ನಡುವೆ ಕನಿಷ್ಠ ಮೂರು ಗಂಟೆ ಇರಲಿ. ಅಗ್ಗ ಸಿಕ್ಕಿತು ಅಂತ ಎರಡು ಬೇರೆ ಟಿಕೆಟ್ ಮಾಡಿಸಿ, ತಪಾಸಣೆಯಲ್ಲಿ ತಡವಾಗಿ ವಿಮಾನ ತಪ್ಪಿದರೆ ಮುಂದಿನದಕ್ಕೆ ನೀವೇ ದುಡ್ಡು ಕಟ್ಟಬೇಕಾಗುತ್ತೆ. ಒಂದೇ ಟಿಕೆಟ್ ಇದ್ದರೆ ಕಂಪನಿಯೇ ಮುಂದಿನ ವಿಮಾನಕ್ಕೆ ಹತ್ತಿಸುತ್ತೆ. ಅಬುಧಾಬಿ ಮೂಲಕ ಹೋಗುವುದಾದರೆ ಇನ್ನೂ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. 2014ರಿಂದ ಅಲ್ಲಿ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಅಲ್ಲೇ ಮುಗಿಸಿ ಕಳಿಸುವ ವ್ಯವಸ್ಥೆ ಇದೆ. ಅಲ್ಲಿ ಹೊತ್ತು ಹಿಡಿದರೂ ಅಮೆರಿಕದಲ್ಲಿ ಇಳಿದ ಮೇಲೆ ವಯಸ್ಸಾದವರಿಗೆ ಆರಾಮ. ಬೇರೆ ದಾರಿಯಲ್ಲಿ ಹೋದವರು ಅಮೆರಿಕದ ಮೊದಲ ಊರಿನಲ್ಲಿ ಸೂಟ್‌ಕೇಸ್ ಎತ್ತಿಕೊಂಡು ಕಸ್ಟಮ್ಸ್ ದಾಟಬೇಕು. ಮುಂದೆ ಇನ್ನೊಂದು ವಿಮಾನ ಇದ್ದರೆ ಅಲ್ಲೂ ಟಿಎಸ್‌ಎ ತಪಾಸಣೆ ಇದ್ದೇ ಇರುತ್ತೆ. ಇದನ್ನೂ ಮೊದಲೇ ಹೇಳಿಡಿ. ಇಲ್ಲದಿದ್ದರೆ 'ಮತ್ತೆ ಹಿಡಿದರು' ಅಂದುಕೊಳ್ಳುತ್ತಾರೆ.

ಕೈಚೀಲದ ಬಗ್ಗೆ ಅಮ್ಮನಿಗೆ ಹೇಳಿ. ಮಗಳಿಗೆ ಅಂತ ಹುರಿಹಿಟ್ಟು, ಚಟ್ನಿಪುಡಿ, ಸಾರಿನಪುಡಿ ಕಟ್ಟಿರುತ್ತಾರೆ. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಪುಡಿಗೂ ಒಂದು ಮಿತಿ ಇದೆ. 350 ಮಿಲಿಲೀಟರಿಗಿಂತ, ಅಂದರೆ ಒಂದು ಸೋಡಾ ಡಬ್ಬಕ್ಕಿಂತ, ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ಬೇರೆ ತಪಾಸಣೆ ಆಗುತ್ತೆ. ಅವರಿಗೆ ಸಮಾಧಾನ ಆಗದಿದ್ದರೆ ಅಲ್ಲೇ ಬಿಟ್ಟು ಹೋಗಬೇಕು. ಬೆಳಗಿನ ಜಾವ ಎದ್ದು ಹುರಿದು ಬೀಸಿದ ಹಿಟ್ಟನ್ನು ಕಸದ ಡಬ್ಬಿಗೆ ಹಾಕುವಾಗ ಕಣ್ಣೀರು ಹಾಕಿದ ತಾಯಂದಿರನ್ನು ನೋಡಿದ್ದೇನೆ. ಪುಡಿ, ಉಪ್ಪಿನಕಾಯಿ, ತುಪ್ಪ ಎಲ್ಲವೂ ಚೆಕ್-ಇನ್ ಸೂಟ್‌ಕೇಸಿಗೆ ಹೋಗಲಿ. ಒಣ ಕೊಬ್ಬರಿ ಬೇಡವೇ ಬೇಡ. ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ನಮ್ಮ ನಿಲ್ದಾಣಗಳಲ್ಲೇ ತೆಗೆಸುತ್ತಾರೆ. ನೀರು, ಎಣ್ಣೆ, ಕ್ರೀಮು ಕೈಚೀಲದಲ್ಲಿದ್ದರೆ 100 ಮಿಲಿಯ ಬಾಟಲಿ ಮಾತ್ರ. 2006ರಲ್ಲಿ ಲಂಡನ್‌ನಿಂದ ಹೋಗುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಸಿಕ್ಕಿಬಿದ್ದ ಮೇಲೆ ಬಂದ ನಿಯಮ ಅದು. ಕೆಲವು ಊರಲ್ಲಿ ಹೊಸ ಯಂತ್ರ ಬಂದು ಸಡಿಲ ಆಗಿದೆ. ನಡುವಿನ ಊರಲ್ಲಿ ಹಾಗೇ ಬಿಡುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ.

ಮೈ ಸವರಿ ನೋಡುವಾಗ ನಿಮ್ಮವರಿಗೂ ಕೆಲವು ಹಕ್ಕುಗಳಿವೆ. ಅಮ್ಮನನ್ನು ಹೆಂಗಸರೇ ನೋಡಬೇಕು. ಜನರ ಎದುರು ಬೇಡ, ಒಳಗೆ ಕೋಣೆಯಲ್ಲಿ ನೋಡಿ ಅಂತ ಕೇಳಬಹುದು. ಅಮೆರಿಕದ ನಿಲ್ದಾಣಗಳಲ್ಲಿ ಹಾಗೆ ಕೋಣೆಗೆ ಹೋಗುವಾಗ ಜೊತೆಗೆ ಒಬ್ಬರು ಇರಲು ಬಿಡುತ್ತಾರೆ. ಕೈಗವಸು ಹೊಸದು ಹಾಕಿಕೊಳ್ಳಿ ಅಂತ ಹೇಳಬಹುದು. ನಿಲ್ಲಲು ಆಗದಿದ್ದರೆ ಕುರ್ಚಿ ಕೇಳಬಹುದು. ತಾಳಿ, ಕಾಲುಂಗುರ ಬಿಚ್ಚಿ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ಯಂತ್ರ ಕೂಗಿದರೆ ಅದರ ಸುತ್ತ ನೋಡುತ್ತಾರೆ. ಅಪ್ಪನಿಗೆ ಬೆಳ್ಳಿ ಉಡಿದಾರ ಇದ್ದರೆ ಮೊದಲೇ ಸೊಂಟ ಮುಟ್ಟಿ ತೋರಿಸಲಿ. ಮಂಡಿ ಆಪರೇಷನ್ ಆಗಿದ್ದರೂ ಹಾಗೇ. ಬ್ಯಾಗು ಸುರಿಸುವಾಗ ಒಂದು ಕಣ್ಣು ದುಡ್ಡಿನ ಚೀಲ, ಪಾಸ್‌ಪೋರ್ಟ್ ಮೇಲಿರಲಿ. ಗಾಬರಿಯಲ್ಲಿ ಮರೆತು ಬರುವುದು ಅವನ್ನೇ. ಮತ್ತೆ, ತಮಾಷೆಗೂ 'ಬಾಂಬು' ಅನ್ನುವ ಮಾತು ಬಾಯಿಗೆ ಬರಬಾರದು. ಕನ್ನಡದಲ್ಲಿ ಹೇಳಿದರೂ ಅದು ಎಲ್ಲರಿಗೂ ಅರ್ಥ ಆಗುವ ಪದ.

ಭಾಷೆ ಬರುವುದಿಲ್ಲ ಅನ್ನುವುದೇ ಅರ್ಧ ಭಯ. ಒಂದು ರಟ್ಟಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದುಕೊಡಿ: ಇವರಿಗೆ ಕನ್ನಡ, ತೆಲುಗು ಮಾತ್ರ ಬರುತ್ತೆ, ದಯವಿಟ್ಟು ಸನ್ನೆಯಲ್ಲಿ ತೋರಿಸಿ, ಹೆಂಡತಿಯನ್ನು ಪಕ್ಕದಲ್ಲೇ ಇರಲು ಬಿಡಿ. ಕೆಳಗೆ ಅಕ್ಕನ ಫೋನ್ ನಂಬರ್. ಇನ್ನೊಂದು ಸಾಲು ಸೇರಿಸಿ: ಇವರು ರೈತರು, ದ್ರಾಕ್ಷಿ ತೋಟಕ್ಕೆ ನೈಟ್ರೇಟ್ ಗೊಬ್ಬರ ಬಳಸುತ್ತಾರೆ. ಯಂತ್ರ ಕೂಗಿದಾಗ ಈ ಚೀಟಿ ತೋರಿಸಿದರೆ ತಪಾಸಣೆ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಆದರೆ ಕೂಗಿದ್ದಕ್ಕೆ ಒಂದು ಕಾರಣ ಎದುರಿಗಿರುವವರ ಕೈಗೆ ಸಿಗುತ್ತೆ. ನನ್ನ ಕೈಗೆ ಯಾರಾದರೂ ಅಂಥ ಚೀಟಿ ಕೊಟ್ಟಿದ್ದರೆ ನಾನಂತೂ ಖಂಡಿತ ಓದುತ್ತಿದ್ದೆ.

ಕೊನೆಗೆ ತೋಟದ ಕೆಲಸ. ಹೊರಡುವುದಕ್ಕೆ ಎರಡು ಮೂರು ದಿನ ಮೊದಲೇ ಗೊಬ್ಬರ ಕರಗಿಸುವುದನ್ನು ಬೇರೆಯವರಿಗೆ ವಹಿಸಿ. ಪಂಪ್‌ಹೌಸಿನಲ್ಲಿ ಮೊಳೆಗೆ ನೇತು ಹಾಕುವ ಬ್ಯಾಗು, ತೋಟಕ್ಕೆ ಹಾಕುವ ಚಪ್ಪಲಿ, ಬೆಲ್ಟು ಯಾವುದೂ ಪ್ರಯಾಣಕ್ಕೆ ಬೇಡ. ಕೈಯನ್ನು ಸೋಪು ಹಾಕಿ ಚೆನ್ನಾಗಿ, ಉಗುರು ಸಂದು ಸೇರಿಸಿ ತೊಳೆಯಲಿ. ಆಮೇಲೆ ಕ್ರೀಮು ಹಚ್ಚುವುದು ಬೇಡ. ಹೊರಡುವ ಬೆಳಗ್ಗೆ ತೋಟ ನೋಡದೆ ಇರಲು ಅವರಿಂದ ಆಗುವುದಿಲ್ಲ ಅಂತ ನನಗೂ ಗೊತ್ತು. ನೋಡಿ ಬರಲಿ, ಚೀಲ ಮುಟ್ಟದಿದ್ದರೆ ಸಾಕು.